ನೂರೆಂಟು ಚದರ ಅಡಿಯ ಹಿತ್ತಲು

ಮೈಸೂರಿನ ಹಳೆಯ ಬಡಾವಣೆಯೊಂದರಲ್ಲಿ 30–40 ಸೈಟಿನ ಮನೆ ನಮ್ಮದು. ಮನೆಯ ಮುಖ ಉತ್ತರಕ್ಕೆ, ಹಿತ್ತಲು ದಕ್ಷಿಣಕ್ಕೆ. ಹಿತ್ತಲ ಉದ್ದ 28 ಅಡಿ, ಅಗಲ 9 ಅಡಿ. ಒಗೆಯುವ ಕಲ್ಲು, ಸಂಪು, ಬಟ್ಟೆ ಒಣಹಾಕುವ ತಂತಿ ಎಲ್ಲ ಸೇರಿ 10 ಅಡಿ ಉದ್ದ ಹೋಯಿತು. ಮಿಕ್ಕ 18 ಅಡಿಯಲ್ಲಿ, ಮನೆಯ ಗೋಡೆಗೆ ತೇವ ತಗಲಬಾರದೆಂದು ಒಂದೂವರೆ ಅಡಿ ಬಿಟ್ಟು 3 ಅಡಿ ಅಗಲದ ಒಂದು ಮಡಿ. ನಡುವೆ ಓಡಾಡಲು ಒಂದೂವರೆ ಅಡಿ ದಾರಿ. ಆಮೇಲೆ ಕಾಂಪೌಂಡಿಗೆ ಒತ್ತಿಕೊಂಡು 3 ಅಡಿಯ ಇನ್ನೊಂದು ಮಡಿ. ಎರಡೂ ಸೇರಿದರೆ 108 ಚದರ ಅಡಿ. ಲೆಕ್ಕ ಹೇಳಿದಾಗ ನಮ್ಮತ್ತೆಗೆ ಬಹಳ ಖುಷಿಯಾಯಿತು. “ನೂರೆಂಟಾ? ಒಳ್ಳೇದೇ ಆಯ್ತು ಬಿಡಮ್ಮ” ಅಂದರು.

ಅತ್ತೆ ನಂಜನಗೂಡು ಕಡೆಯ ಹಳ್ಳಿಯಲ್ಲಿ ಹುಟ್ಟಿ ಬೆಳೆದವರು. ಎಕರೆಗಟ್ಟಲೆ ಹೊಲ ಕಂಡವರು. ನಾನು ಪಿಯು ಕಾಲೇಜಿನಲ್ಲಿ ಗಣಿತ ಪಾಠ ಮಾಡುವವಳು. ಈ ಹಿತ್ತಲು ನಮ್ಮಿಬ್ಬರದು. ಮಣ್ಣು, ಮಳೆ, ಬೀಜ ಅವರ ಪಾಲಿಗೆ. ಅಳತೆ, ದಿನಾಂಕ, ಲೆಕ್ಕದ ಪುಸ್ತಕ ನನ್ನ ಪಾಲಿಗೆ. ನಾಲ್ಕು ಜನರ ಸಂಸಾರಕ್ಕೆ ಇಷ್ಟು ಜಾಗದಿಂದ ಎಷ್ಟು ತರಕಾರಿ ತೆಗೆಯಬಹುದು ಎಂಬ ಒಂದೇ ಪ್ರಶ್ನೆ ಹಿಡಿದು ಹೊರಟೆವು.

ಮೊದಲ ಕೆಲಸ ಮಣ್ಣಿನದು. ಮನೆ ಕಟ್ಟಿದ ಕಾಲದ ಜಲ್ಲಿ, ಇಟ್ಟಿಗೆ ಚೂರು, ಸಿಮೆಂಟಿನ ಹೆಂಟೆ ಎಲ್ಲ ಹಿತ್ತಲಲ್ಲೇ ಹೂತುಹೋಗಿದ್ದವು. ಒಂದೂವರೆ ಅಡಿ ಆಳಕ್ಕೆ ಅಗೆಸಿ, ಮಣ್ಣನ್ನು ಮರಳು ಜರಡಿಯಲ್ಲಿ ಆಡಿಸಿ, ಎರಡು ಪಾಲು ಕೆಮ್ಮಣ್ಣಿಗೆ ಎರಡು ಪಾಲು ಹಳೆಯ ಕೊಟ್ಟಿಗೆ ಗೊಬ್ಬರ, ಒಂದು ಪಾಲು ತೆಂಗಿನ ನಾರಿನ ಪುಡಿ ಬೆರೆಸಿದೆವು. ಅಂಚಿಗೆ ಸೈಜುಗಲ್ಲು ಕೂರಿಸಿ ಮಡಿಯನ್ನು ಮುಕ್ಕಾಲು ಅಡಿ ಎತ್ತರಿಸಿದೆವು. ಆಳಕ್ಕೆ ಇಷ್ಟು ಒತ್ತು ಕೊಟ್ಟಿದ್ದಕ್ಕೆ ಕಾರಣವಿದೆ. ಕೆಳಗೆ ಮಣ್ಣು ಗಟ್ಟಿಯಿದ್ದರೆ ಬೇರು ಪಕ್ಕಕ್ಕೆ ಹರಡುತ್ತದೆ, ಪಕ್ಕದ ಗಿಡದ ಜೊತೆ ಜಗಳಕ್ಕೆ ಬೀಳುತ್ತದೆ. ಕೆಳಗೆ ಸಡಿಲವಿದ್ದರೆ ಬೇರು ಇಳಿಯುತ್ತದೆ, ಗಿಡಗಳನ್ನು ಹತ್ತಿರ ಹತ್ತಿರ ನೆಡಲು ಧೈರ್ಯ ಬರುತ್ತದೆ. ಹಾಗೆ ಸಡಿಲಾದ ಮಡಿಯ ಮೇಲೆ ಕಾಲಿಡಬಾರದು ಎಂಬುದು ನಮ್ಮ ಮನೆಯ ಕಟ್ಟಳೆ. 3 ಅಡಿ ಅಗಲ ಇಟ್ಟಿದ್ದೂ ಅದಕ್ಕೇ: ದಾರಿಯಲ್ಲಿ ಮಂಡಿಯೂರಿ ಬಗ್ಗಿ ಕೈ ಚಾಚಿದರೆ ಆಚೆಯ ಅಂಚು ಸಿಗುತ್ತದೆ.

ಇನ್ನು ಬಿಸಿಲಿನ ಮಾತು. ಸಣ್ಣ ಹಿತ್ತಲಲ್ಲಿ ಗೊಬ್ಬರಕ್ಕಿಂತ ಮೊದಲು ತಿಳಿಯಬೇಕಾದ್ದು ಇದು ಎಂದು ನನ್ನ ಗಟ್ಟಿ ನಂಬಿಕೆ. ವರ್ಷವಿಡೀ, ತಿಂಗಳಿಗೊಂದು ಭಾನುವಾರ, ಬೆಳಿಗ್ಗೆ, ನಡುಹಗಲು, ಸಂಜೆ, ಮನೆಯ ನೆರಳು ಮತ್ತು ಕಾಂಪೌಂಡಿನ ನೆರಳು ಎಲ್ಲಿಯವರೆಗೆ ಬಂತೋ ಅಲ್ಲಿ ರಂಗೋಲಿ ಪುಡಿಯಲ್ಲಿ ಗೆರೆ ಎಳೆದು ಟೇಪು ಹಿಡಿದು ಬರೆದಿಟ್ಟುಕೊಂಡೆ. ನಡುಹಗಲು ಅಂದರೆ ಗಡಿಯಾರದ 12 ಅಲ್ಲ. ಮೈಸೂರಿನಲ್ಲಿ ಸೂರ್ಯ ಅತಿ ಎತ್ತರಕ್ಕೆ ಬರುವುದು ಸರಾಸರಿ ಇಪ್ಪತ್ತಮೂರು ನಿಮಿಷ ತಡವಾಗಿ.

ಆ ಗೆರೆಗಳು ಹೇಳಿದ್ದು ಇಷ್ಟು. ನಮ್ಮ ಮನೆ ಒಂದೇ ಅಂತಸ್ತು, 11 ಅಡಿ ಎತ್ತರ. ಕಾಂಪೌಂಡು 4 ಅಡಿ, ಅದರಾಚೆ ಮನೆಗಳ ಹಿಂದೆ ಹಾಯುವ ಕನ್ಸರ್ವೆನ್ಸಿ ಓಣಿ, ಹಾಗಾಗಿ ದಕ್ಷಿಣಕ್ಕೆ ಬೇರೆ ತಡೆ ಇಲ್ಲ. ಡಿಸೆಂಬರಿನಲ್ಲಿ ಸೂರ್ಯ ದಕ್ಷಿಣಕ್ಕೆ ವಾಲಿ, ನಡುಹಗಲಲ್ಲೂ ಸುಮಾರು 54 ಡಿಗ್ರಿ ಎತ್ತರದಲ್ಲೇ ನಿಲ್ಲುತ್ತಾನೆ. ಆಗ ಕಾಂಪೌಂಡಿನ ನೆರಳು ನೆಲದ ಮೇಲೆ 3 ಅಡಿಗೆ ಹತ್ತಿರ ಚಾಚುತ್ತದೆ. ಕಾಂಪೌಂಡ್ ಮಡಿಯ ಹೆಚ್ಚು ಭಾಗ ನೆರಳು, ದಾರಿ ಪಕ್ಕದ ಅಂಚಿಗೆ ಮಾತ್ರ ಬಿಸಿಲು. ಅದೇ ಹೊತ್ತಿನಲ್ಲಿ ಮನೆಯ ಗೋಡೆ ಪಕ್ಕದ ಮಡಿಗೆ ದಿನವಿಡೀ ಬಿಸಿಲು, ಜೊತೆಗೆ ಬಿಳಿ ಗೋಡೆಯಿಂದ ಮರಳುವ ಬೆಳಕು. ಏಪ್ರಿಲ್ 20 ದಾಟುವ ಹೊತ್ತಿಗೆ ಸೂರ್ಯ ನೆತ್ತಿಗೆ ಬರುತ್ತಾನೆ; ಶೂನ್ಯ ನೆರಳಿನ ದಿನ ಎಂದು ಶಾಲೆಗಳಲ್ಲಿ ಮಕ್ಕಳಿಗೆ ಕೋಲು ನಿಲ್ಲಿಸಿ ತೋರಿಸುತ್ತಾರಲ್ಲ, ಅದು. ಅಲ್ಲಿಂದ ಆಗಸ್ಟ್ ಮೂರನೆಯ ವಾರದವರೆಗೆ ನಡುಹಗಲ ಸೂರ್ಯ ನಮಗೆ ಉತ್ತರದಲ್ಲಿರುತ್ತಾನೆ. ಆಗ ನೆರಳು ತಿರುಗಿಬೀಳುತ್ತದೆ. ಜೂನಿನಲ್ಲಿ ಮನೆಯ ನೆರಳು ನಡುಹಗಲಿಗೆ 2 ಅಡಿ, ಬೆಳಿಗ್ಗೆ ಸಂಜೆ ಇನ್ನೂ ಉದ್ದ, ಗೋಡೆ ಮಡಿಯ ಮೇಲೆ ಬೀಳುತ್ತದೆ. ಕಾಂಪೌಂಡ್ ಮಡಿ ಪೂರ್ತಿ ಬಿಸಿಲಿಗೆ ತೆರೆದುಕೊಳ್ಳುತ್ತದೆ.

ಎತ್ತರದ ಗಿಡ, ಚಪ್ಪರ ಎಲ್ಲ ತೋಟದ ಉತ್ತರಕ್ಕಿರಲಿ ಎಂದು ಕೈತೋಟದ ಪುಸ್ತಕ ಬರೆಯುವವರು ಹೇಳುತ್ತಾರೆ. ಸೂರ್ಯ ಯಾವಾಗಲೂ ದಕ್ಷಿಣದಲ್ಲೇ ಇರುವ ದೇಶಗಳಿಗೆ ಅದು ಸರಿ. ನಮ್ಮಲ್ಲಿ ವರ್ಷದಲ್ಲಿ ಸುಮಾರು ನಾಲ್ಕು ತಿಂಗಳು ಆ ಮಾತು ತಲೆಕೆಳಗು. ಅದನ್ನು ಮನಸ್ಸಿಗೆ ತೆಗೆದುಕೊಂಡ ದಿನವೇ ನಮ್ಮ ಹಿತ್ತಲಿನ ನಕ್ಷೆ ತಾನಾಗಿ ಬಿಡಿಸಿಕೊಂಡಿತು: ಮಳೆಗಾಲದ ಬಳ್ಳಿಗಳು ಕಾಂಪೌಂಡಿನ ಮೇಲೆ, ಚಳಿಗಾಲದ ಎತ್ತರದ ಬೆಳೆಗಳು ಮನೆಯ ಗೋಡೆಗೆ. ಒಂದೇ 108 ಅಡಿ, ಆದರೆ ಎರಡು ಕಾಲಕ್ಕೆ ಎರಡು ತೋಟ.

ಆಮೇಲೆ ಶುರುವಾದದ್ದು ನನ್ನ ‘ಅಡಿ-ದಿನ’ದ ಲೆಕ್ಕ. ಒಂದು ಗಿಡ ಒಂದು ಚದರ ಅಡಿಯಲ್ಲಿ ಒಂದು ದಿನ ನಿಂತರೆ ಒಂದು ಅಡಿ-ದಿನ. 108 ಅಡಿಗೆ ವರ್ಷಕ್ಕೆ 39,420 ಅಡಿ-ದಿನ. ಜಾಗ ಹಿಗ್ಗುವುದಿಲ್ಲ, ಆದರೆ ಇದರಲ್ಲಿ ಎಷ್ಟು ಅಡಿ-ದಿನ ಖಾಲಿ ಬಿದ್ದಿರುತ್ತದೆ, ಎಷ್ಟರಲ್ಲಿ ಗಿಡವಿದ್ದೂ ನಮಗೇನೂ ಸಿಗುತ್ತಿಲ್ಲ ಎಂದು ನೋಡಿದರೆ ಕಣ್ಣು ತೆರೆಯುತ್ತದೆ. ಬದನೆ ಬೀಜವನ್ನು ನೇರ ಮಡಿಗೆ ಹಾಕಿದರೆ, ಮೊದಲ ತಿಂಗಳು ಬೆರಳುದ್ದದ ಸಸಿಗಾಗಿ 4 ಚದರ ಅಡಿ ಕಾದು ಕೂತಿರುತ್ತದೆ. ಅದನ್ನು ಟ್ರೇಯಲ್ಲಿ ಬೆಳೆಸಿ 30 ದಿನದ ಸಸಿ ನೆಟ್ಟರೆ ಒಂದು ಗಿಡಕ್ಕೆ 120 ಅಡಿ-ದಿನ ಉಳಿಯಿತು. ಅಷ್ಟರಲ್ಲಿ ಅದೇ 4 ಅಡಿಯಲ್ಲಿ ಒಂದು ಸರ್ತಿ ಹರಿವೆ ಬೆಳೆದು ಕಿತ್ತು ಸಾರು ಮಾಡಬಹುದು.

ಹಾಗಾಗಿ ಟೊಮೆಟೊ, ಬದನೆ, ಮೆಣಸಿನಕಾಯಿ ಸಸಿಗಳೆಲ್ಲ ಮೆಟ್ಟಿಲ ಮೇಲಿನ ಟ್ರೇಗಳಲ್ಲೇ ಏಳುತ್ತವೆ. ತೆಂಗಿನ ನಾರಿನ ಪುಡಿಗೆ ಎರೆಗೊಬ್ಬರ ಬೆರೆಸಿ ಕುಳಿಗೊಂದು ಬೀಜ. ಮಡಿಯಲ್ಲಿ ಒಂದು ಬೆಳೆ ಮುಗಿಯುತ್ತಿದೆ ಅನ್ನುವಾಗ ಮುಂದಿನದರ ಸಸಿ ಟ್ರೇಯಲ್ಲಿ ತಯಾರಾಗಿರಬೇಕು. ಬೆಳಿಗ್ಗೆ ಹಳೆಯ ಗಿಡ ಕಿತ್ತು, ಕುಳಿಗೆ ಎರಡು ಹಿಡಿ ಗೊಬ್ಬರ ಹಾಕಿ, ಬಿಸಿಲಿಳಿದ ಮೇಲೆ ಹೊಸ ಸಸಿ ನೆಡುತ್ತೇವೆ. ಮಡಿ ಒಂದು ರಾತ್ರಿಯೂ ಬರಿದಾಗಿ ಮಲಗುವುದಿಲ್ಲ.

ನೆಟ್ಟ ಮೇಲೂ ಜಾಗ ಉಳಿದಿರುತ್ತದೆ. ಬದನೆಗೆ 2 ಅಡಿ ಅಂತರ ಬೇಕೇ ಬೇಕು, ಆದರೆ ಆ ಅಂತರ ತುಂಬಿಕೊಳ್ಳಲು ಅದಕ್ಕೆ ಒಂದೂವರೆ ತಿಂಗಳು ಹಿಡಿಯುತ್ತದೆ. ಅಷ್ಟರೊಳಗೆ ಮೆಂತ್ಯ 25 ದಿನಕ್ಕೆ ಬಂದು ಹೋಗುತ್ತದೆ. ಮೂಲಂಗಿ 40–45 ದಿನಕ್ಕೆ ಗೆಡ್ಡೆ ಕಟ್ಟುತ್ತದೆ. ಕೀಳುವಾಗ ಬದನೆ ಬುಡದ ಮಣ್ಣೂ ಸಡಿಲವಾಗುತ್ತದೆ. ಕೊತ್ತಂಬರಿಯನ್ನು ಅತ್ತೆ ಚಪ್ಪಲಿಯ ಅಡಿಯಲ್ಲಿ ಉಜ್ಜಿ ಎರಡು ಹೋಳು ಮಾಡಿ, ರಾತ್ರಿ ನೆನೆಹಾಕಿ, ಬೆಳಿಗ್ಗೆ ಬಿತ್ತುತ್ತಾರೆ; ಇಡೀ ಬೀಜ ಹಾಕಿದ್ದಕ್ಕಿಂತ ಬೇಗ, ಒತ್ತಾಗಿ ಮೊಳೆಯುತ್ತದೆ. ಸೊಪ್ಪನ್ನು ಇಡೀ ಮಡಿಗೆ ಒಂದೇ ದಿನ ಚೆಲ್ಲುವುದಿಲ್ಲ. ಹತ್ತು ಹನ್ನೆರಡು ದಿನಕ್ಕೊಮ್ಮೆ ಒಂದು ಮೊಳ ಜಾಗಕ್ಕೆ ಮಾತ್ರ. ಒಟ್ಟಿಗೆ ಬಿತ್ತಿದರೆ ಒಟ್ಟಿಗೆ ಬಲಿಯುತ್ತದೆ. ಒಂದು ವಾರ ತಿಂದು ಬೇಸರ, ಆಮೇಲೆ ಮೂರು ವಾರ ಅಂಗಡಿ.

ಕಿತ್ತರೆ ಮುಗಿಯುವ ಬೆಳೆಗಿಂತ ಕೊಯ್ದಷ್ಟೂ ಚಿಗುರುವ ಬೆಳೆಗೆ ನಾನು ಹೆಚ್ಚು ಮಣೆ ಹಾಕುತ್ತೇನೆ. ಪಾಲಕ್ ಒಂದು ತಿಂಗಳಿಗೆ ಮೊದಲ ಕೊಯ್ಲು ಕೊಟ್ಟರೆ ಆಮೇಲೆ ಎರಡು ಎರಡೂವರೆ ವಾರಕ್ಕೊಮ್ಮೆ ಕತ್ತರಿ ಬೇಡುತ್ತದೆ. ದಂಟನ್ನು ಬುಡಸಮೇತ ಕೀಳದೆ ನಾಲ್ಕು ಬೆರಳು ಬಿಟ್ಟು ಚಿವುಟಿದರೆ ಪಕ್ಕದಿಂದ ಕವಲು ಬರುತ್ತದೆ. ನಮ್ಮೂರಿನದೇ ಆದ ಈರನಗೆರೆ ಬದನೆ ಒಂದು ಸುತ್ತು ಬಿಟ್ಟು ಸೋತ ಮೇಲೆ ಅದನ್ನು ಕೀಳುವುದಿಲ್ಲ. ಬುಡದಿಂದ ಮುಕ್ಕಾಲು ಅಡಿಗೆ ಕತ್ತರಿಸಿ, ಸುತ್ತ ಗೊಬ್ಬರ ಕೊಟ್ಟು, ಕೂಳೆ ಬಿಡುತ್ತೇವೆ. ಬೇರು ಮೊದಲೇ ಇಳಿದಿರುವುದರಿಂದ ಹೊಸ ಸಸಿಗಿಂತ ಬೇಗ ಹೂವಿಗೆ ಬರುತ್ತದೆ.

ಬಳ್ಳಿಗಳ ವಿಷಯಕ್ಕೆ ಬಂದರೆ, ಕಡಿಮೆ ಜಾಗದ ಹಿತ್ತಲಿಗೆ ಇವುಗಳಷ್ಟು ಉಪಕಾರಿ ಬೇರೆ ಇಲ್ಲ. ಹೀರೆ ಬಳ್ಳಿಗೆ ನೆಲದಲ್ಲಿ ಬೇಕಾದ್ದು ಒಂದೂವರೆ ಚದರ ಅಡಿ, ಉಳಿದದ್ದೆಲ್ಲ ಗಾಳಿಯಲ್ಲಿ. “ಭರಣಿ ಮಳೆ ಸುರಿದರೆ ಧರಣಿಯೆಲ್ಲ ಬೆಳೆ” ಎನ್ನುತ್ತಾ ಅತ್ತೆ ಏಪ್ರಿಲ್ ಕೊನೆಯಿಂದಲೇ ಆಕಾಶ ನೋಡುತ್ತಾರೆ. ಭರಣಿಯ ಮೊದಲ ಹದ ಬಿದ್ದ ಮರುದಿನ ಹೀರೆ, ಹಾಗಲ, ಪಡವಲ ಬೀಜ ಕಾಂಪೌಂಡ್ ಮಡಿಯ ಹಿಂದಿನ ಅಂಚಿಗೆ ಬೀಳಬೇಕು. ಕಾಂಪೌಂಡಿನ ಮೇಲೆ 4 ಅಡಿಯ ಕಬ್ಬಿಣದ ಪೈಪು ನಿಲ್ಲಿಸಿ ನೈಲಾನ್ ಬಲೆ ಕಟ್ಟಿದ್ದೇವೆ. ಸೂರ್ಯ ಉತ್ತರಕ್ಕಿರುವ ಆ ತಿಂಗಳುಗಳಲ್ಲಿ ಈ ಬಲೆಯ ನೆರಳು ಓಣಿಗೆ ಬೀಳುತ್ತದೆ, ನಮ್ಮ ಮಡಿಗಲ್ಲ. ಹಾಗಾಗಿ ಬಳ್ಳಿಯ ಮುಂದೆ ಬೆಂಡೆ, ಬೆಂಡೆಯ ಮುಂದೆ ಅಲಸಂದೆ ಮೂರು ಸಾಲು ನಿಶ್ಚಿಂತೆಯಿಂದ ಬರುತ್ತವೆ.

ಬಳ್ಳಿ ಹಬ್ಬಿತು ಅಂದಮಾತ್ರಕ್ಕೆ ಕಾಯಿ ಕಚ್ಚುವುದಿಲ್ಲ. ಪೇಟೆಯಲ್ಲಿ ದುಂಬಿ, ಪತಂಗ ಕಡಿಮೆ. ಗಂಡು ಹೂವು ಮೊದಲು ಬರುತ್ತದೆ. ಹೆಣ್ಣು ಹೂವಿನ ಹಿಂದೆ ಎಳೆಗಾಯಿಯ ಆಕಾರ ಕಾಣುತ್ತದೆ. ನಮ್ಮ ಮಗಳಿಗೆ ಇದನ್ನು ಕಲಿಸಿದ ಮೇಲೆ ಪರಾಗದ ಕೆಲಸ ಅವಳದೇ. ಇಲ್ಲೊಂದು ಗುಟ್ಟಿದೆ: ಹಾಗಲದ ಹೂವು ಅರಳುವುದು ಮುಂಜಾನೆ, ಹೀರೆ, ಪಡವಲ, ಸೋರೆ ಅರಳುವುದು ಸಂಜೆ. ಬೆಳಿಗ್ಗೆ ಎದ್ದು ಹೀರೆ ಹೂವಿಗೆ ಪರಾಗ ಮುಟ್ಟಿಸಿದರೆ ಹೆಚ್ಚು ಪ್ರಯೋಜನವಿಲ್ಲ. ದೀಪ ಹಚ್ಚುವ ಹೊತ್ತಿಗೆ ಹೋಗಿ, ಗಂಡು ಹೂವು ಕಿತ್ತು, ದಳ ಬಿಡಿಸಿ, ಹೆಣ್ಣು ಹೂವಿನ ನಡುವಿಗೆ ಮೆಲ್ಲಗೆ ಸವರಬೇಕು. ಇನ್ನೊಂದು, ಬಳ್ಳಿಯ ತುದಿ ಚಿವುಟುವುದು. ಸೋರೆಯ ಮುಖ್ಯ ಕಾಂಡದಲ್ಲಿ ಗಂಡು ಹೂವು ಹೆಚ್ಚು, ಪಕ್ಕದ ಕವಲಿನಲ್ಲಿ ಹೆಣ್ಣು ಹೂವು ಹೆಚ್ಚು. ಬಲೆಯ ತಲೆ ಮುಟ್ಟಿದ ಕೂಡಲೇ ತುದಿ ಚಿವುಟಿದರೆ ಕವಲು ಒಡೆಯುತ್ತದೆ. ಅತ್ತೆಗೆ ಮೊದಲು ಕೈ ಬರಲಿಲ್ಲ. “ಬೆಳೆಯೋ ತಲೆ ಯಾಕಮ್ಮ ಮುರೀತೀಯ?” ಎಂದು ಕೇಳಿದರು. ಎರಡು ಬಳ್ಳಿಯಲ್ಲಿ ಒಂದನ್ನು ಚಿವುಟಿ, ಇನ್ನೊಂದನ್ನು ಅವರಿಗೆಂದು ಹಾಗೇ ಬಿಟ್ಟೆ. ಚಿವುಟಿದ್ದರಲ್ಲಿ ಕಾಯಿ ಹಿಡಿದದ್ದನ್ನು ನೋಡಿ ಆಮೇಲೆ ಅವರೇ ಕತ್ತರಿ ಕೇಳಿದರು.

ಸೆಪ್ಟೆಂಬರ್ ನಡುವಿಗೆ ಬಳ್ಳಿಗಳು ಸೋಲುತ್ತವೆ. ಕಾಂಪೌಂಡಿನ ಮೇಲಿನ ಬಲೆಯನ್ನು ಆಗ ಬಿಚ್ಚಿ ಸುತ್ತಿಡುವುದು ಕಡ್ಡಾಯ. ಇಲ್ಲದಿದ್ದರೆ ಚಳಿಗಾಲದಲ್ಲಿ ಅದರ ಮೇಲಿನ ಒಣ ಬಳ್ಳಿಯೇ ಗೋಡೆ ಮಡಿಯವರೆಗೆ ನೆರಳು ಚೆಲ್ಲುತ್ತದೆ. ಈಗ ಎತ್ತರದ ಸರದಿ ಮನೆಯ ಗೋಡೆಯದು. ಕಿಟಕಿಯ ಸಜ್ಜೆಯಿಂದ ಸುತಲಿ ಇಳಿಬಿಟ್ಟು ಟೊಮೆಟೊ ಗಿಡಗಳನ್ನು ಒಂದೂವರೆ ಅಡಿಗೊಂದರಂತೆ ಹುರಿಗೆ ಸುತ್ತಿ ಮೇಲಕ್ಕೆ ಕಳಿಸುತ್ತೇವೆ. ತಳಿ ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ರಕ್ಷಕ್. ಎಲೆ ಮುದುಡು, ಸೊರಗು, ಅಂಗಮಾರಿ ಮೂರಕ್ಕೂ ತಡೆಯುವ ಶಕ್ತಿ ಅದಕ್ಕಿದೆ. ಒತ್ತಾಗಿ ನೆಡುವವರಿಗೆ ಇದು ಬಹಳ ಮುಖ್ಯ, ಯಾಕೆಂದರೆ ಒಂದಕ್ಕೆ ಬಂದದ್ದು ಪಕ್ಕದ್ದಕ್ಕೆ ದಾಟಲು ಇಲ್ಲಿ ಒಂದು ಗೇಣು ದೂರ ಸಾಕು.

ಅವರೆಯ ವಿಚಾರದಲ್ಲಿ ನನಗೂ ಅತ್ತೆಗೂ ದೊಡ್ಡ ಚರ್ಚೆಯೇ ನಡೆಯಿತು. ಹಳ್ಳಿಯ ಸೊಗಡವರೆ ಹಗಲು ಕಿರಿದಾಗದೆ ಹೂವು ಬಿಡುವುದಿಲ್ಲ. ಜೂನಿನಲ್ಲಿ ಹಾಕಿದರೂ ಇಬ್ಬನಿ ಬೀಳುವ ಕಾಲಕ್ಕೇ ಹೂವು. ಅಲ್ಲಿಯವರೆಗೆ ಬರೀ ಸೊಪ್ಪು. ಹೊಲದಲ್ಲಿ ರಾಗಿಯ ನಡುವೆ ಅಕ್ಕಡಿ ಸಾಲಾಗಿ ನಿಂತರೆ ಯಾರಿಗೂ ಭಾರವಲ್ಲ, 108 ಅಡಿಯಲ್ಲಿ ಆ ಐದು ತಿಂಗಳು ಬಹಳ ದುಬಾರಿ. ಬೆಂಗಳೂರು ಕೃಷಿ ವಿಶ್ವವಿದ್ಯಾಲಯದವರು ತಂದ ಹೆಬ್ಬಾಳ ಅವರೆ 3, 4ನೇ ತಳಿಗಳು ಹಗಲಿನ ಉದ್ದವನ್ನು ಲೆಕ್ಕಿಸುವುದಿಲ್ಲ, ವರ್ಷದ ಯಾವ ಕಾಲದಲ್ಲಿ ಹಾಕಿದರೂ ಕಾಯಿ ಬಿಡುತ್ತವೆ, ಗಿಡವೂ ಕುಳ್ಳು. ನಾನು ಅದನ್ನೇ ಹಾಕೋಣ ಅಂದೆ. ಅತ್ತೆ ಒಪ್ಪಲಿಲ್ಲ. “ಸೊಗಡಿಲ್ದಿದ್ರೆ ಅದೆಂಥ ಅವರೆ? ಹಿತಕಿದ ಬೇಳೆ ಸಾರು ಮಾಡಿದ್ರೆ ಪಕ್ಕದ ಮನೆಗೆ ವಾಸ್ನೆ ಹೋಗ್ಬೇಕು” ಅಂದರು. ಈ ಮಾತಿಗೆ ನನ್ನ ಹತ್ತಿರ ಲೆಕ್ಕದ ಉತ್ತರ ಇರಲಿಲ್ಲ, ಇರಬೇಕಾಗಿಯೂ ಇರಲಿಲ್ಲ. ತಿನ್ನುವುದಕ್ಕೇ ಅಲ್ಲವೇ ಬೆಳೆಯುವುದು. ಹೂವಿಗೆ ಬೇಕಾದ್ದು ಕಿರಿಯ ಹಗಲು ತಾನೇ, ಹಾಗಾದರೆ ತಡವಾಗಿ ಬಿತ್ತಿದರೆ ಕಾಯುವ ಕಾಲವೇ ಉಳಿಯುತ್ತದಲ್ಲ ಎಂದು ಯೋಚಿಸಿ, ಗಣೇಶನ ಹಬ್ಬ ಕಳೆದ ಮೇಲೆ ಸೊಗಡವರೆಯನ್ನು ಗೋಡೆ ಮಡಿಯ ಮೂಲೆಗೆ ಹಾಕಿದೆವು. ಬಳ್ಳಿ ಜೂನಿನದರಷ್ಟು ಹಬ್ಬಲಿಲ್ಲ, ಆದರೆ ಹಬ್ಬುವುದಕ್ಕೂ ಹೂವಿಗೂ ನಡುವೆ ಸುಮ್ಮನೆ ಕೂರುವ ತಿಂಗಳುಗಳೂ ಇರಲಿಲ್ಲ. ಹುರಿ ಹಿಡಿದು ತಾರಸಿಯ ಅಂಚಿಗೆ ಏರಿತು. ಡಿಸೆಂಬರಿನಲ್ಲಿ ಕಾಯಿ ಕೀಳಲು ಅತ್ತೆಯೇ ಮೆಟ್ಟಿಲು ಹತ್ತಿದರು. ಹೆಬ್ಬಾಳದ ಕುಳ್ಳು ಅವರೆ ಬೇಸಿಗೆಗೆ ಮೀಸಲಾಯಿತು.

ಚಳಿಗಾಲದ ನೆರಳಿಗೆ ಸಿಕ್ಕ ಕಾಂಪೌಂಡ್ ಮಡಿಯೂ ಸುಮ್ಮನಿರಲಿಲ್ಲ. ಕಾಂಪೌಂಡಿನ ಒಳಮೈಗೆ ಸುಣ್ಣ ಬಳಿದೆವು. ಬಿಸಿಲು ಬೀಳದಿದ್ದರೂ ಮಡಿ ಬೆಳ್ಳಗೆ ಬೆಳಗುತ್ತದೆ. ದಾರಿ ಪಕ್ಕದ ಬಿಸಿಲಂಚಿಗೆ ಬೀಟ್‌ರೂಟು, ನಡುವೆ ಪಾಲಕ್ ಮತ್ತು ಕೊತ್ತಂಬರಿ, ಕಾಂಪೌಂಡಿನ ಬುಡಕ್ಕೆ ಪುದೀನ. ನಲ್ಲಿಯ ನೀರು ಸೋರುವ ಮೂಲೆಯಲ್ಲಿ ಒಂದೆಲಗ ತಾನೇ ಹಾಸಿಕೊಂಡಿದೆ. ಚಟ್ನಿಗೂ ತಂಬುಳಿಗೂ ಅದು ಸಾಕು.

ಕೆಲವನ್ನು ಬೇಡವೆಂದೇ ಬಿಟ್ಟೆವು. ಎಲೆಕೋಸು ಎರಡೂಕಾಲು ಚದರ ಅಡಿ ಹಿಡಿದು ಎರಡೂವರೆ ತಿಂಗಳು ಕೂತು ಒಂದು ಗಡ್ಡೆ ಕೊಡುತ್ತದೆ. ಅಂಗಡಿಯಲ್ಲಿ ಅಗ್ಗ, ತಂದಿಟ್ಟರೂ ಕೆಡುವುದಿಲ್ಲ. ಈರುಳ್ಳಿ, ಆಲೂಗಡ್ಡೆಯೂ ಹಾಗೇ. ನೆಲದ ಮೇಲೆ ಹರಿಯುವ ಸಿಹಿಗುಂಬಳಕ್ಕೆ ನಮ್ಮಲ್ಲಿ ಅಂಗಳವಿಲ್ಲ. ಕೊಯ್ದ ಗಂಟೆಯೊಳಗೆ ತಿಂದರೆ ರುಚಿ ಬೇರೆಯಾಗುವಂಥದ್ದು, ದಿನಾ ಚೂರುಚೂರು ಬೇಕಾಗುವಂಥದ್ದು, ಮಾರುಕಟ್ಟೆಯಲ್ಲಿ ಔಷಧಿ ಹೊಡೆಸಿಕೊಂಡು ಬರುವಂಥದ್ದು — ಸಣ್ಣ ಹಿತ್ತಲ ಅಡಿ-ದಿನ ಅಂಥವಕ್ಕೆ ಸಲ್ಲಬೇಕು.

ಇಷ್ಟು ಒತ್ತಾಗಿ ಬೆಳೆದರೆ ಮಣ್ಣಿನ ಹಸಿವೂ ಅಷ್ಟೇ. ಗಿಡದ ಸಂಖ್ಯೆ ಹೆಚ್ಚಿಸಿ ಗೊಬ್ಬರ ಹೆಚ್ಚಿಸದಿದ್ದರೆ ಎಲ್ಲವೂ ಬಡಕಲು. ಅಡುಗೆಮನೆಯ ಸಿಪ್ಪೆ, ಬೀದಿ ಗುಡಿಸುವವರಿಂದ ಕೇಳಿ ಪಡೆದ ಒಣ ಎಲೆ, ಎರಡನ್ನೂ ಪದರ ಪದರವಾಗಿ ತೂತು ಕೊರೆದ ಡ್ರಮ್ಮಿಗೆ ಹಾಕುತ್ತೇವೆ. ಒಂದು ಡ್ರಮ್ಮು ತುಂಬುತ್ತಿರುವಾಗ ಇನ್ನೊಂದು ಮಾಗುತ್ತಿರುತ್ತದೆ. ಹಾಲು ಕೊಡುವವರ ಮನೆಯಿಂದ ಸಗಣಿ, ಗಂಜಲ ತಂದು ಜೀವಾಮೃತ ಎಂಬ ದ್ರವ ಗೊಬ್ಬರ ಮಾಡುತ್ತೇವೆ. ನೈಸರ್ಗಿಕ ಕೃಷಿಯ ಸುಭಾಷ್ ಪಾಳೇಕರ್ ಹೇಳಿಕೊಟ್ಟ ಅಳತೆ ಎಕರೆಗೆ 200 ಲೀಟರಿನದು. ಅದನ್ನು ಹತ್ತರಲ್ಲೊಂದು ಪಾಲಿಗಿಳಿಸಿ 20 ಲೀಟರ್ ನೀರಿಗೆ 1 ಕಿಲೋ ಸಗಣಿ, 1 ಲೀಟರ್ ಗಂಜಲ, 200 ಗ್ರಾಂ ಬೆಲ್ಲ, 200 ಗ್ರಾಂ ಕಡಲೆಹಿಟ್ಟು, ಒಂದು ಹಿಡಿ ಮಣ್ಣು. ನೆರಳಿನಲ್ಲಿಟ್ಟು ಬೆಳಿಗ್ಗೆ ಸಂಜೆ ತಿರುವಿ, ಎರಡು ದಿನದ ಮೇಲೆ ನೀರು ಬೆರೆಸಿ ಬುಡಕ್ಕೆ ಹುಯ್ಯುವುದು, ವಾರದೊಳಗೆ ಖಾಲಿ ಮಾಡುವುದು. ಕಾಯಿ ಬಿಡುವ ಗಿಡಗಳಿಗೆ ಇದು ಸಾಲದು ಅನ್ನಿಸಿದಾಗ ಕಡಲೆಕಾಯಿ ಹಿಂಡಿ ನೆನೆಸಿ, ಹುಳಿ ಬಂದ ಮೇಲೆ ಹತ್ತು ಪಾಲು ನೀರಿನಲ್ಲಿ ತೆಳುಮಾಡಿ ಕೊಡುತ್ತೇವೆ. ಮಣ್ಣು ಕಾಣದಂತೆ ಒಣ ಎಲೆಯ ಹೊದಿಕೆ ಯಾವಾಗಲೂ ಇರುತ್ತದೆ. ಮಾರ್ಚ್, ಏಪ್ರಿಲಿನ ಬಿಸಿಲಲ್ಲಿ ಹೊದಿಕೆಯಿದ್ದರೆ ನೀರು ಅರ್ಧ ಉಳಿದಂತೆ.

ಒತ್ತಾದ ತೋಟಕ್ಕೆ ಗಾಳಿಯಾಡದ ತೊಂದರೆ ಸದಾ ಇದ್ದೇ ಇರುತ್ತದೆ. ಟೊಮೆಟೊ ಗಿಡದ ಬುಡದ ಒಂದು ಅಡಿಯವರೆಗಿನ ಎಲೆಗಳನ್ನು ತೆಗೆದುಬಿಡುತ್ತೇನೆ. ನೀರು ಬುಡಕ್ಕೆ, ಅದೂ ಬೆಳಿಗ್ಗೆ. ರಾತ್ರಿ ಎಲೆ ಒದ್ದೆ ಇರಬಾರದು. ಹಾಗಲದ ಎಲೆಗೆ ಬೂದಿ ರೋಗ ಬಂದಾಗ ಹುಳಿ ಮಜ್ಜಿಗೆಗೆ ಹತ್ತು ಪಾಲು ನೀರು ಸೇರಿಸಿ ಸಿಂಪಡಿಸಿದೆವು. ಅಲಸಂದೆಗೆ ಕಪ್ಪು ಹೇನು ಮುತ್ತಿದಾಗ ಮೊದಲು ಬರೀ ನೀರನ್ನು ಜೋರಾಗಿ ಹೊಡೆದು ಉದುರಿಸುವುದು, ಜಗ್ಗದಿದ್ದರೆ ಲೀಟರಿಗೆ 5 ಮಿಲಿ ಬೇವಿನೆಣ್ಣೆ, ಅದು ನೀರಲ್ಲಿ ಬೆರೆಯಲು ಚೂರು ಅಂಟುವಾಳದ ನೊರೆ. ಹಣ್ಣುನೊಣ ಹೀರೆಯ ಎಳೆಗಾಯಿಗೆ ಮೊಟ್ಟೆಯಿಡುತ್ತದೆ, ಕಾಯಿ ಸೊಟ್ಟಗಾಗಿ ಕೊಳೆಯುತ್ತದೆ; ಗಂಡು ನೊಣಗಳನ್ನು ಸೆಳೆಯುವ ಕ್ಯೂ ಲ್ಯೂರ್ ಎಂಬ ಮದ್ದು ಹಾಕಿದ ಒಂದು ಬಲೆ ತೂಗುಹಾಕಿ, ಕಾಯಿಗಳಿಗೆ ಹಳೆಯ ಪಂಚೆಯ ಚೀಲ ತೊಡಿಸಿದೆವು. ಎರಡೂ ಮಡಿಗಳನ್ನು ನಾಲ್ಕೂವರೆ ಅಡಿ ಉದ್ದದ ನಾಲ್ಕು ನಾಲ್ಕು ಭಾಗ ಮಾಡಿಕೊಂಡಿದ್ದೇವೆ. ಟೊಮೆಟೊ, ಬದನೆ, ಮೆಣಸಿನಕಾಯಿ ಒಂದೇ ಕುಲ. ಅವು ನಿಂತ ಭಾಗಕ್ಕೆ ಮುಂದಿನ ಸಲ ಅವರೆಯೋ ಅಲಸಂದೆಯೋ, ಆಮೇಲೆ ಸೊಪ್ಪು. ಬೇರುಗಂಟು ಕಟ್ಟುವ ಜಂತುಹುಳು ಕಂಡ ಭಾಗಕ್ಕೆ ಜುಲೈನಲ್ಲಿ ಚೆಂಡುಹೂವು ತುಂಬುತ್ತೇವೆ. ಹುಳು ಕಡಿಮೆಯಾಗುತ್ತದೆ, ಆಯುಧಪೂಜೆಗೆ ಸ್ಕೂಟರಿಗೆ ಹೂವಿನ ಮಾಲೆಯೂ ಆಗುತ್ತದೆ.

ಇಷ್ಟೆಲ್ಲ ಮಾಡಿ ಸಿಕ್ಕಿದ್ದೇನು? ಸೊಪ್ಪನ್ನು ಅಂಗಡಿಯಿಂದ ತರುವುದು ಪೂರ್ತಿ ನಿಂತಿದೆ. ಮಳೆಗಾಲದಲ್ಲಿ ಹೀರೆ, ಹಾಗಲ, ಬೆಂಡೆ ಕೊಳ್ಳುವುದಿಲ್ಲ. ಚಳಿಗಾಲದಲ್ಲಿ ಟೊಮೆಟೊ, ಬದನೆ ಕೊಳ್ಳುವುದಿಲ್ಲ. ಹಸಿಮೆಣಸಿನಕಾಯಿ, ಕರಿಬೇವು, ಪುದೀನಕ್ಕೆ ಕಾಲದ ಹಂಗೇ ಇಲ್ಲ. ದೇವರಾಜ ಮಾರುಕಟ್ಟೆಗೆ ಈಗಲೂ ಹೋಗುತ್ತೇವೆ, ಕ್ಯಾರೆಟ್ಟು, ಹುರುಳಿಕಾಯಿ, ಈರುಳ್ಳಿ, ಬಾಳೆಹಣ್ಣಿಗೆ. ಲೆಕ್ಕದ ಪುಸ್ತಕದಲ್ಲಿ ಖಾಲಿ ಬಿದ್ದ ಅಡಿ-ದಿನಗಳ ಕಲಂ ವರ್ಷ ವರ್ಷಕ್ಕೆ ಸಣ್ಣದಾಗುತ್ತಿರುವುದು ನನಗೆ ತಕ್ಕಡಿಯ ತೂಕಕ್ಕಿಂತ ಹೆಚ್ಚು ಸಂತೋಷ ಕೊಡುತ್ತದೆ.

ಬೀಜಕ್ಕೆ ಬಿಡುವುದು ಮಾತ್ರ ಇನ್ನೂ ಬಗೆಹರಿಯದ ಲೆಕ್ಕ. ಅರ್ಕಾ ರಕ್ಷಕ್ ಹೈಬ್ರಿಡ್, ಅದರ ಬೀಜ ಇಟ್ಟು ಪ್ರಯೋಜನವಿಲ್ಲ, ಪ್ರತಿ ಸಲ ಕೊಳ್ಳಲೇಬೇಕು. ಆದರೆ ಈರನಗೆರೆ ಬದನೆ, ಸೊಗಡವರೆ, ದಂಟು ಇವುಗಳ ಬೀಜ ಮನೆಯಲ್ಲೇ ಉಳಿಯಬೇಕೆಂಬುದು ಅತ್ತೆಯ ಹಟ, ಈಗ ನನ್ನದೂ. ದಂಟು ಬೀಜವಾಗಲು ಮೂರು ತಿಂಗಳು ಬೇಕು, ಅಷ್ಟು ದಿನ ಅದು ಎಲೆ ಕೊಡದೆ ನಿಲ್ಲುತ್ತದೆ. ಹಾಗಾಗಿ ಚೆನ್ನಾಗಿ ಬಂದ ಎರಡು ದಂಟನ್ನು ಎಳೆಯದರಲ್ಲೇ ಬೇರುಸಮೇತ ಎತ್ತಿ ತಾರಸಿಯ ಕುಂಡಕ್ಕೆ ಸಾಗಿಸುತ್ತೇವೆ. ಬದನೆಯಲ್ಲಿ ಒಂದೇ ಒಂದು ಕಾಯಿಗೆ ದಾರ ಕಟ್ಟಿ ಹಳದಿಯಾಗುವವರೆಗೆ ಬಿಡುತ್ತೇವೆ. ಗಿಡದ ಮೇಲೆ ಕಾಯಿ ಹಣ್ಣಾಗುತ್ತಿದ್ದರೆ ಹೊಸ ಕಾಯಿ ಕಚ್ಚುವುದು ಕಡಿಮೆಯಾಗುತ್ತದೆ, ಅದಕ್ಕೇ ಕೂಳೆ ಬಿಡುವ ಮೊದಲಿನ ಕೊನೆಯ ಕಾಯನ್ನೇ ಆರಿಸುವುದು. ಬಲಿತ ಬೀಜವನ್ನು ಬೂದಿಯಲ್ಲಿ ಹೊರಳಿಸಿ ಒಣಗಿಸಿ ಅತ್ತೆ ಡಬ್ಬಿಗೆ ತುಂಬುತ್ತಾರೆ, ನಾನು ತಾರೀಖು ಬರೆದು ಅಂಟಿಸುತ್ತೇನೆ. ಪಕ್ಕದ ಬೀದಿಯ ಮೂರು ಮನೆಯವರು ಈ ಸಲ ಬದನೆ ಸಸಿ ಕೇಳಿದ್ದಾರೆ. ಅವರಲ್ಲಿ ಒಬ್ಬರ ಮನೆಯ ಮುಖ ದಕ್ಷಿಣಕ್ಕೆ, ಹಿತ್ತಲು ಉತ್ತರಕ್ಕೆ; ಚಳಿಗಾಲವೆಲ್ಲ ಮನೆಯ ನೆರಳಲ್ಲೇ. ಅವರ ಹಿತ್ತಲಿಗೆ ನಮ್ಮ ನಕ್ಷೆ ಹೊಂದುವುದಿಲ್ಲ. ಭಾನುವಾರ ಟೇಪು, ರಂಗೋಲಿ ಡಬ್ಬಿ ತೆಗೆದುಕೊಂಡು ಅವರಲ್ಲಿಗೆ ಹೋಗಿ ಹೊಸದಾಗಿ ಗೆರೆ ಎಳೆದು ಬರಬೇಕು.